ಬಿರುಗಾಲನ ಒಂಟಿ ಬೇಟೆ

ಸೀಳುನಾಯಿಗಳ ಆ ಹಿಂಡಿನಲ್ಲಿ ಬಿರುಗಾಲನಷ್ಟು ವೇಗವಾಗಿ ಓಡುವವರು ಇರಲಿಲ್ಲ. ಬೇಟೆಯ ಕೊನೆಯ ನೆಗೆತ ಯಾವಾಗಲೂ ಅವನದೇ. ಉಳಿದವರು ಪೊದೆಗಳಲ್ಲಿ ಅಡಗಿ, ಸಿಳ್ಳೆ ಹಾಕುತ್ತ, ಬೇಟೆಯನ್ನು ಅವನತ್ತ ತಿರುಗಿಸುತ್ತಿದ್ದರು.

ಒಂದು ಬೆಳಿಗ್ಗೆ ಮುದಿ ನಾಯಕಿ ಹೇಳಿದಳು: "ಇವತ್ತು ಕೊನೆಯ ನೆಗೆತ ಕುಂಟಿಯದು. ನೀನು ಪೊದೆಯಲ್ಲಿ ಕೂತು ಸಿಳ್ಳೆ ಹಾಕು, ಮಗಾ."

"ಕುಂಟಿ ನೆಗೆದರೆ ನಾವೆಲ್ಲ ಹುಲ್ಲು ಮೇಯಬೇಕಾಗುತ್ತದೆ, ಅಜ್ಜಿ" ಎಂದು ಬಿರುಗಾಲ ನಕ್ಕ. "ಬೇಟೆಗೆ ನಾನಿದ್ದರೆ ಸಾಕು. ನೀವ್ಯಾರೂ ಬೇಡ."

ನಾಯಕಿ ಸಿಟ್ಟಾಗಲಿಲ್ಲ. "ಹಾಗಾದರೆ ಇವತ್ತು ನಾವ್ಯಾರೂ ಬಾಯಿ ತೆರೆಯುವುದಿಲ್ಲ. ಹೋಗಿ ಬಾ" ಎಂದಳು.

ಬಿರುಗಾಲ ಗಂಡು ಕಡವೆಯೊಂದನ್ನು ಅಟ್ಟಿಸಿಕೊಂಡು ಹೋದ. ಹೊಳೆಯ ನಡುವೆ, ಮೊಣಕಾಲುದ್ದ ನೀರಿನಲ್ಲಿ, ಕಡವೆ ತಾನಾಗಿಯೇ ನಿಂತುಬಿಟ್ಟಿತು. ಕಿವಿಗಳನ್ನು ನಾಲ್ಕು ದಿಕ್ಕಿಗೂ ತಿರುಗಿಸಿತು. ಕಾಡಿನಲ್ಲಿ ಒಂದು ಎಲೆಯೂ ಅಲುಗಲಿಲ್ಲ.

"ಉಳಿದವರೆಲ್ಲಿ?" ಎಂದು ಕೇಳಿತು.

"ನಾನೊಬ್ಬನೇ. ಇಷ್ಟು ದಿನ ನೀವೆಲ್ಲ ಓಡಿದ್ದು ನನಗೆ ಹೆದರಿಯೇ ಅಲ್ಲವೇ?"

"ನಿನಗೆ?" ಕಡವೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿತು. "ನಿನ್ನನ್ನು ನಾನು ನೋಡುತ್ತಿರುವುದೇ ಇವತ್ತು. ನಾವು ಹೆದರಿ ಓಡುತ್ತಿದ್ದದ್ದು ಎಲ್ಲ ಕಡೆಯಿಂದ ಬರುತ್ತಿದ್ದ ಆ ಸಿಳ್ಳೆಗೆ."

ಬಿರುಗಾಲ ಸಿಳ್ಳೆ ಹಾಕಿದ. ಮರುದನಿ ಬರಲಿಲ್ಲ. ಮತ್ತೊಮ್ಮೆ ಹಾಕಿದ, ಈ ಸಲ ದಡದತ್ತ ತಿರುಗಿ. ದಡದ ಪೊದೆಗಳ ನಡುವಿನಿಂದ ಹನ್ನೊಂದು ಜೊತೆ ಕಣ್ಣುಗಳು ಅವನನ್ನೇ ನೋಡುತ್ತಿದ್ದವು. ಕೊಟ್ಟ ಮಾತಿನಂತೆ ಯಾರೂ ಬಾಯಿ ತೆರೆಯಲಿಲ್ಲ.

ಕಡವೆ ಕೊಂಬು ತಗ್ಗಿಸಿ, ಅವಸರವಿಲ್ಲದೆ, ಅವನತ್ತ ನಡೆದು ಬಂತು.