ಉಂಡಬಾಗಿಲ ಗುಡ್ಡ

ನಮ್ಮೂರ ಗುಡ್ಡದ ಮೇಲಿನ ಹೆಬ್ಬಾಗಿಲಿಗೆ ಕದಗಳಿಲ್ಲ. ಎರಡಾಳೆತ್ತರದ ಕಲ್ಲಿನ ಚೌಕಟ್ಟು, ಕದ ತಿರುಗುತ್ತಿದ್ದ ಕುಳಿಗಳು, ಅಗುಳಿ ಸೇರಿಸುತ್ತಿದ್ದ ತೂತುಗಳು ಎಲ್ಲ ಹಾಗೇ ಇವೆ. ನೋಡಲು ಬಂದವರು "ಕದ ಯಾರು ಕದ್ದರು?" ಎಂದು ಕೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಯಾರೂ ಕದ್ದಿಲ್ಲ ಸ್ವಾಮಿ. ಗುಡ್ಡಕ್ಕೆ ಉಂಡಬಾಗಿಲು ಎಂಬ ಹೆಸರು ಬಂದದ್ದೇ ಆ ಕದಗಳಿಂದ. ನನ್ನಜ್ಜಿ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಹಿಂದೆ ಒಮ್ಮೆ ಈ ಸೀಮೆಯನ್ನೆಲ್ಲ ಮೇಳವಾಡಿಯ ಅರಸರು ಆಳುತ್ತಿದ್ದರಂತೆ. ಅವರ ಆನೆಗಳು ಎರಡು ಸಮುದ್ರಗಳ ನೀರು ಕುಡಿದಿದ್ದವು ಎನ್ನುತ್ತಾರೆ. ಉಪ್ಪುನೀರನ್ನು ಆನೆ ಹೇಗೆ ಕುಡಿಯಿತೋ, ನನ್ನನ್ನು ಕೇಳಬೇಡಿ. ಮುನ್ನೂರು ವರ್ಷದ ಆ ಸಾಮ್ರಾಜ್ಯ ಗೆದ್ದಲು ಹಿಡಿದ ತೊಲೆಯಂತೆ ಕುಸಿಯಿತು. ಸಾಮಂತರು ಒಬ್ಬೊಬ್ಬರಾಗಿ ಕೈಬಿಟ್ಟರು, ರಾಜಧಾನಿ ಸುಟ್ಟುಹೋಯಿತು. ಕೊನೆಗೆ ಉಳಿದದ್ದು ಈ ಗುಡ್ಡದ ಕೋಟೆ ಒಂದೇ. ಅದರೊಳಗೆ ವಂಶದ ಕೊನೆಯ ಇಬ್ಬರು, ರೇಕಬ್ಬರಸಿ ಮತ್ತು ಅವಳ ತಮ್ಮ ಕಂಚರಸ. ಜೊತೆಗೆ ಅವರನ್ನು ನಂಬಿ ಬಂದ ಆರುನೂರು ಜನ. ಗೆದ್ದು ಬಂದ ವೈರಿ ದಂಡನಾಯಕ ಗುಡ್ಡದ ಸುತ್ತ ಪಾಳೆಯ ಹೂಡಿದ.

ಆ ಕಾಲದ ಯುದ್ಧಕ್ಕೂ ಕಟ್ಟಳೆಗಳಿದ್ದವು. ಕದ ಒಡೆದು ಹಿಡಿದರೂ ಸರಿ, ಕೀಲಿ ಒಪ್ಪಿಸಿಕೊಂಡರೂ ಸರಿ, ಕೋಟೆಯೊಳಗಿನ ಜನರೆಲ್ಲ ಗೆದ್ದವನ ತೊತ್ತುಗಳಾಗುತ್ತಿದ್ದರು. ಕದವಿಲ್ಲದ್ದು ಮಾತ್ರ ಕೋಟೆಯಲ್ಲ, ಊರು; ಊರಿನವರನ್ನು ಸೆರೆ ಹಿಡಿಯುವಂತಿರಲಿಲ್ಲ. ಅರಸು ಮನೆತನಕ್ಕೆ ಆ ವಿನಾಯಿತಿ ಇಲ್ಲ. ಸೋಲೊಪ್ಪದವರು ಬೆಂಕಿಗೆ ಬೀಳಲು ಅಗ್ನಿಕೊಂಡ ಹೊತ್ತಿಸಿದರೆ ಅದರ ಹೊಗೆ ಆರುವ ತನಕ ಯಾರೂ ಮೇಲೇರಿ ಹೋಗಬಾರದೆಂಬ ಕಟ್ಟಳೆಯೂ ಇತ್ತು.

ನೆಲದಡಿಯ ಹಗೇವಿನಲ್ಲಿ ಜೋಳವಿತ್ತು, ಬೇಯಿಸಲು ಸೌದೆಯಿರಲಿಲ್ಲ. ಒಂಬತ್ತು ದಿನ ನೆನೆಸಿದ ಜೋಳ ಅಗಿದು ಮಕ್ಕಳ ಹೊಟ್ಟೆ ಕೆಟ್ಟಿತ್ತು. ಹತ್ತನೆಯ ದಿನ ಬೆಳಿಗ್ಗೆ ಅರಸಿ ಬಡಗಿ ಮಾಳೋಜನನ್ನು ಕರೆದು, ಹೆಬ್ಬಾಗಿಲ ಕದಗಳನ್ನು ಇಳಿಸಿ ಸೀಳು ಎಂದಳು. ಕಂಚರಸ ಅಡ್ಡ ನಿಂತ.

"ಅಕ್ಕಾ, ಕದ ಹ್ವಾದ್ರ ನಾವು ಅರಸರಲ್ಲ. ಮುನ್ನೂರು ವರ್ಷದ ಹೆಸರು ಒಲಿಗಿ ಹಾಕ್ತಿಯೇನು?"

"ಹಾಕ್ತೀನಿ. ಇವರೆಲ್ಲ ತೊತ್ತಾದ ಮ್ಯಾಲ ಆ ಹೆಸರು ತಗೊಂಡು ಏನ್ ಮಾಡೂಣು? ನೀ ಆ ಕಡಿ ಹಿಡಿ."

ಕಂಚರಸ ಅತ್ತ. ಅತ್ತುಕೊಂಡೇ ಕದಕ್ಕೆ ಹೆಗಲು ಕೊಟ್ಟ.

ಕೋಟೆಯಿಂದ ದಟ್ಟ ಹೊಗೆ ಎದ್ದದ್ದನ್ನು ಕೆಳಗಿದ್ದ ದಂಡನಾಯಕ ಕಂಡ. ಒಳಗಿನವರು ಅಗ್ನಿಕೊಂಡ ಹೊತ್ತಿಸಿದರೆಂದೇ ಅವನು ತಿಳಿದ. ಕಹಳೆ ನಿಲ್ಲಿಸಿ, ಪಾದರಕ್ಷೆ ಬಿಟ್ಟು ನಿಂತ, ಸೈನ್ಯವೆಲ್ಲ ಕೈಮುಗಿಯಿತು. ಇವರು ಮರುಗುತ್ತ ನಿಂತಿದ್ದಾಗ ಮೇಲೆ ನುಚ್ಚು ಕೊತಕೊತ ಕುದಿಯುತ್ತಿತ್ತು! ಮಧ್ಯಾಹ್ನ ಗಾಳಿ ತಿರುಗಿ ಬೆಂದ ಜೋಳದ ವಾಸನೆ ಪಾಳೆಯಕ್ಕೆ ಇಳಿದಾಗ ಅವನಿಗೆ ಅನುಮಾನ ಬಂತು. ಆದರೂ ಹೊಗೆ ನಿಲ್ಲುವ ತನಕ ಕಾದ.

ಹತ್ತಿ ಬಂದು ನೋಡಿದರೆ ಕದವೇ ಇಲ್ಲ. ಆರುನೂರು ಜನ ಸಾಲಾಗಿ ಕೂತು ಉಣ್ಣುತ್ತಿದ್ದರು. ಕೀಲಿ ಒಪ್ಪಿಸೆಂದು ಅವನು ಗುಡುಗಿದ. ಅರಸಿ ಸೌಟು ಹಿಡಿದೇ ಎದುರು ಬಂದಳು.

"ಯಾವ ಬಾಗಲದ್ದಪಾ? ಇದು ಊರು. ಹಸ್ತು ಬಂದಿದ್ರ ಕುಂಡ್ರು, ಉಂಡು ಹೋಗು."

ಅವನ ಸೈನಿಕರೇ ನೋಡುತ್ತಿದ್ದರು. ಕಟ್ಟಳೆ ಮುರಿಯುವ ಧೈರ್ಯ ಅವನಿಗಾಗಲಿಲ್ಲ. ಆರುನೂರರಲ್ಲಿ ಒಬ್ಬರನ್ನೂ ಮುಟ್ಟದೆ ಅಕ್ಕ ತಮ್ಮನನ್ನಷ್ಟೇ ಕಟ್ಟಿ ಒಯ್ದ. ಹೀಗಾಗುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು. ಆದರೂ ಕೊನೆಯ ಮಗುವಿಗೆ ಬಡಿಸಿಯೇ ಅವಳು ಸೌಟು ಕೆಳಗಿಟ್ಟಳಂತೆ. ಇಬ್ಬರೂ ಮತ್ತೆ ಬರಲಿಲ್ಲ.

ಆ ಆರುನೂರು ಜನರ ಸಂತತಿಯೇ ನಾವು. ಬಾಗಿಲ ಬಳಿ ಮಸಿ ಹಿಡಿದ ಒಲೆಗಲ್ಲುಗಳು ಇಂದಿಗೂ ಇವೆ. ವರ್ಷಕ್ಕೊಮ್ಮೆ ಅಲ್ಲಿ ನುಚ್ಚು ಬೇಯಿಸಿ, ಹತ್ತಿ ಬಂದವರು ಯಾರೇ ಆಗಲಿ, ಬಡಿಸುತ್ತೇವೆ. ಹೋದ ವರ್ಷ ಅದೇ ದಿನ ಪುರಾತತ್ವ ಕಚೇರಿಯವರೊಬ್ಬರು ಆಡು ನುಗ್ಗದಿರಲೆಂದು ಟ್ರ್ಯಾಕ್ಟರಿನಲ್ಲಿ ಕಬ್ಬಿಣದ ಗೇಟು ತಂದಿದ್ದರು. ಬಡಿಸುತ್ತಿದ್ದ ಮುದುಕಿ ಹುಲಿಗೆವ್ವ ಅಡ್ಡ ನಿಂತಳು. "ಗೇಟ್ ಇಲ್ಲಂದ್ರ ಇದನ್ನ ಕಾಯೋದು ಹೆಂಗಬೇ?" ಎಂದರು ಅವರು.

"ಕದ ತಗದದ್ದಕ್ಕ ನಾವು ಉಳದೀವ್ರಿ ಸಾಹೇಬ್ರ. ಕುಂಡ್ರಿ, ಉಂಡು ಹೋಗ್ರಿ."

ಅವರು ಕೂತು ಉಂಡರು. ಗೇಟು ಅದೇ ಟ್ರ್ಯಾಕ್ಟರಿನಲ್ಲಿ ವಾಪಸು ಹೋಯಿತು.