ಮಾವಿನೆಲೆಯ ಹಳದಿ

ಮಕ್ಕಳೇ, ಒಂದು ಕಾಡಿನ ಅಂಚಿನಲ್ಲಿ ಮಾವಿನ ತೋಪಿತ್ತು. ಅಲ್ಲಿ ಕೆಂಚಿ ಎಂಬ ಹಸು ತನ್ನ ಎಳೆಗರುವಿನ ಜೊತೆ ಇದ್ದಳು. ಕೆಂಚಿ ಒಳ್ಳೆಯವಳೇ. ಆದರೆ ಯಾರಾದರೂ ಹೊಗಳಿದರೆ ಸಾಕು, ಬೆಣ್ಣೆಯ ಹಾಗೆ ಕರಗಿಬಿಡುತ್ತಿದ್ದಳು.

ಬಣ್ಣ ಮಾಡುವ ನರಿಗೆ ಇದು ಗೊತ್ತಿತ್ತು. ಸಿಂಹದ ಗುಹೆಗೆ ಹಳದಿ ಬಳಿಯುತ್ತೇನೆಂದು ಅವನು ಮಾತು ಕೊಟ್ಟಿದ್ದ.

"ಕೆಂಚಮ್ಮಾ, ಬರೀ ಮಾವಿನೆಲೆ ತಿನ್ನು, ನೀರು ಕುಡಿ. ನಿನ್ನ ಗಂಜಲ ಕಾಯಿಸಿ, ಸೋಸಿ, ಉಂಡೆ ಕಟ್ಟಿದರೆ ಚಿನ್ನದಂಥ ಹಳದಿ! ಗುಹೆ ತುಂಬ ನಿನ್ನದೇ ಬೆಳಕು. ನಿನ್ನಂಥ ತ್ಯಾಗಮಯಿ ಎಲ್ಲಿದ್ದಾಳೆ?"

ಕೆಂಚಿ ಉಬ್ಬಿಹೋದಳು. ಹುಲ್ಲು ಬಿಟ್ಟಳು. ತಿಂಗಳಾಗುವಷ್ಟರಲ್ಲಿ ಪಕ್ಕೆಲುಬು ಎದ್ದು ಕಂಡವು, ಕೆಚ್ಚಲು ಬತ್ತಿತು.

"ಅಮ್ಮಾ, ಹಾಲು."

"ಇನ್ನೊಂದೇ ಗೋಡೆಯಂತೆ ಕಣೇ, ತಡಿ."

ಪಕ್ಕದ ಎಮ್ಮೆ ಗೌರಕ್ಕ ಕೇಳಿಯೇಬಿಟ್ಟಳು: "ಏನೇ ಕೆಂಚಿ, ಗೋಡೆಗೆ ಹಾಲೂಡಿಸ್ತಿದ್ದೀಯಾ?"

"ನಿನಗೆ ಹೊಟ್ಟೆಕಿಚ್ಚು, ಗೌರಕ್ಕ!"

ಮಾರನೆಯ ದಿನ ಕರು ನಿಂತಲ್ಲೇ ಕುಸಿಯಿತು. ಕೆಂಚಿ ನರಿಯ ಬಳಿ ಓಡಿದಳು.

"ನರಿಯಣ್ಣಾ, ಒಂದೆರಡು ದಿನ ಹುಲ್ಲು ತಿಂತೀನಿ. ಮಗು ಸಾಯ್ತಿದೆ."

ನರಿ ಮಡಕೆ ಕದಡುತ್ತಲೇ ಹೇಳಿದ: "ಹುಲ್ಲು ತಿಂದರೆ ಬಣ್ಣ ಕೆಡುತ್ತೆ. ಈ ಕರು ಹೋದರೆ ಇನ್ನೊಂದು ಹಾಕ್ತೀಯ ಬಿಡು. ನೀನು ತ್ಯಾಗಮಯಿ ಅಲ್ವಾ?"

ಕೆಂಚಿಯ ಕಣ್ಣು ಕೆಂಪಾಯಿತು. ಒಂದೇ ಒದೆ! ಮಡಕೆ ಚೂರಾಯಿತು. ಹಳದಿಯೆಲ್ಲ ನರಿಯ ಮೈಮೇಲೆ.

"ಅಯ್ಯೋ! ಸಂಜೆಗೆ ಸಿಂಹರಾಜ ಕೇಳ್ತಾನೆ, ಏನು ಹೇಳಲಿ?"

"ಎಲೆ ಅಲ್ಲೇ ಬಿದ್ದಿದೆ. ನೀನು ತಿನ್ನು. ನಿನ್ನ ಗಂಜಲದಲ್ಲಿ ಎಷ್ಟು ಬೆಳಕಿದೆಯೋ ನೋಡೋಣ!"

ಅವಳು ಮರಳಿ ಬಂದಾಗ ಗೌರಕ್ಕ ಕರುವಿಗೆ ತನ್ನ ಹಾಲು ಕುಡಿಸುತ್ತಿದ್ದಳು. ಕೆಂಚಿ ತಲೆ ತಗ್ಗಿಸಿದಳು.

"ಅಳೋದು ಆಮೇಲೆ. ಮೊದಲು ಹೋಗಿ ಮೇಯಿ," ಎಂದು ಗೌರಕ್ಕ ಗದರಿದಳು.

ಸಂಜೆ ಸಿಂಹ ಬಂದ. ಒಂದು ಗೋಡೆ ಬರಿದಾಗಿತ್ತು, ನರಿ ಮಾತ್ರ ಹಳದಿಯಾಗಿದ್ದ. ನಡೆದದ್ದು ಕೇಳಿ ಸಿಂಹ ಅವನ ಮುಂದೆ ಮಾವಿನೆಲೆಯ ರಾಶಿ ಹಾಕಿಸಿದ.

"ತಿನ್ನು. ಗೋಡೆ ಮುಗಿಯುವವರೆಗೂ ನಿನಗೆ ಇದೇ ಊಟ."

ಆ ಗೋಡೆ ಇನ್ನೂ ಮುಗಿದಿಲ್ಲ.

ನೀತಿ: ತ್ಯಾಗಮಯಿ ಎಂದು ಹೊಗಳಿ ನಿಮ್ಮ ಮಗುವಿನ ಬಾಯಿಯ ಹಾಲು ಕಸಿಯುವವನಿಗೆ, ಮೊದಲು ನೀನು ಉಪವಾಸ ಕೂರು ಎನ್ನಿ.