ತಳ ಸಿಗದ ಖಣದ ಪುಟ

ಕೇಳ್ರಪ್ಪ, ನಿಂತವರು ಕೂಡ್ರಿ, ಕೂತವರು ಬಾಯಿ ಮುಚ್ರಿ. ಇಂಥ ಪೆದ್ದ ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬ ಹುಟ್ಟಿಲ್ಲ, ಹುಟ್ಟುವುದೂ ಇಲ್ಲ!

ಬಾಗಲಕೋಟೆ ಸೀಮೆಯಲ್ಲಿ ಕುಪ್ಪಸದ ಖಣ ನೇಯುವ ಒಂದು ಊರು. ಅಲ್ಲಿ ಕಾಶವ್ವ. ಅವಳು ಖಣದಲ್ಲಿ ನೇಯ್ದ ನವಿಲು ಕಂಡು ಕಾಳು ಹಾಕಲು ಹೋದವರಿದ್ದಾರೆ! ಅಂಥವಳ ಹೊಟ್ಟೆಯಲ್ಲಿ ಹುಟ್ಟಿದವ ಹೊಳೆಬಸ್ಯಾ. "ಹಾಲು ನೋಡ್ಕೋ" ಅಂದರೆ ಉಕ್ಕಿದ್ದನ್ನೂ ನೋಡಿದ, ಚೆಲ್ಲಿದ್ದನ್ನೂ ನೋಡಿದ, ಬೆಕ್ಕು ನೆಕ್ಕಿದ್ದನ್ನೂ ನೋಡಿದ. ಆದರೆ ಕಂಪ್ಯೂಟರ್ ಕಲಿತಿದ್ದ. ಅದೂ ಹೇಳಿದಷ್ಟೇ ಮಾಡುವ ಸಾಮಾನು, ಇಬ್ಬರಿಗೂ ಚೆನ್ನಾಗಿ ಕೂಡಿಬಂತು.

ನೇಕಾರರ ಸಂಘಕ್ಕೆ ಇಂಟರ್ನೆಟ್ಟಿನಲ್ಲಿ ಒಂದು ಪುಟ. ಆ ಪುಟದೊಳಗೆ ಕಾಶವ್ವನಿಗೂ ಒಂದು ಕಿಟಕಿ ಕೊಟ್ಟರು. ಕಿಟಕಿಯೊಳಗೆ ಕಾಣುವ ಅಂಗಡಿಯನ್ನು ಮಗ ಮಾಡಬೇಕು. ಸಂಘದ ಕಾರ್ಯದರ್ಶಿ ಕಾಡಪ್ಪ ಮೊದಲೇ ಗದರಿಸಿದ: "ಶನಿವಾರದೊಳಗ ನೆಟ್ಟಗಾಗಬೇಕು ಕಾಶವ್ವ. ಇಲ್ಲಾಂದ್ರ ಕಿಟಕಿ ಕಿತ್ತು ನನ್ನ ಅಳಿಯಗ ಕೊಡ್ತೀನಿ!"

ಕಿಟಕಿ ಹೋದರೆ ಖಣ ನೋಡುವವರಿಲ್ಲ. ನೋಡುವವರಿಲ್ಲದಿದ್ದರೆ ಮಗ್ಗ ನಿಲ್ಲುತ್ತದೆ.

ಹೊಳೆಬಸ್ಯಾ ಅಂಗಡಿ ಮಾಡಿದ. ಅಂಗಡಿ ಉದ್ದ, ಕಿಟಕಿ ಗಿಡ್ಡ! ಪುಟ ಸರಿಸಲು ಹೊರಗೊಂದು ಪಟ್ಟಿ, ಕಿಟಕಿಯೊಳಗೆ ಇನ್ನೊಂದು ಪಟ್ಟಿ. ಇದನ್ನು ಎಳೆದರೆ ಅದು ಓಡುತ್ತದೆ, ಅದನ್ನು ಎಳೆದರೆ ಇದು ಓಡುತ್ತದೆ. ನವಿಲಿನ ತಲೆ ಸಿಕ್ಕವರಿಗೆ ಬಾಲ ಸಿಗಲಿಲ್ಲ.

"ಒಂದ ಪುಟಕ್ಕ ಎರಡು ಪಟ್ಟಿ! ಏನಿದು ಕಾಶವ್ವ?" ಕಾಡಪ್ಪ ಅಂಗಳದಲ್ಲಿ ನಿಂತು ಕೂಗಿದ.

ಕಾಶವ್ವ ಹಣೆ ಬಡಿದುಕೊಂಡಳು. "ಲೇ ಖೋಡಿ! ಎರಡೆರಡು ಪಟ್ಟಿ ಯಾಕೋ? ತಗಿಯೋ!"

"ಹೂಂ ಯವ್ವಾ."

ತೆಗೆದ. ಎರಡನ್ನೂ ತೆಗೆದ! ಈಗ ಏನೂ ಸರಿಯದು. ನವಿಲಿನ ತಲೆ, ಕೊರಳು, ಅಲ್ಲಿಗೆ ಮುಗೀತು.

ಕಾಡಪ್ಪ ಮತ್ತೆ ಬಂದ. "ಕೋಳಿ ಖಣ ಯಾವಾಗಿಂದ ನೇಯಾಕ್ಹತ್ತಿ ಕಾಶವ್ವ?"

ನವಿಲನ್ನು ಕೋಳಿ ಅಂದದ್ದು ಕಾಶವ್ವನಿಗೆ ಚುಚ್ಚಿತು. "ಲೇ ಮಳ್ಳ! ಒಳಗಿನ ಮಾಲು ಎಷ್ಟುದ್ದ ಐತಿ, ಅಷ್ಟುದ್ದ ಕಿಟಕಿ ಇಡಬೇಕೋ! ಅಳದು ಇಡು!"

"ಹೂಂ ಯವ್ವಾ."

ಅಳೆದ. ಟೇಪು ಹಿಡಿದು, ಸಂಘದ ಗೋಡೆಗೆ ಹಾಕಿದ ದೊಡ್ಡ ಪರದೆಯ ಮೇಲೆ ಅಳೆದ! ಐದು ಮೊಳ! ಐದು ಮೊಳದ ಕಿಟಕಿ ಇಟ್ಟ. ಗೋಡೆಯ ಮೇಲೆ ಚೆಂದವೋ ಚೆಂದ. ಜನರ ಮೊಬೈಲಿನಲ್ಲಿ? ಮೇಲೆ ಹೆಸರುಕಾಳಿನಷ್ಟು ನವಿಲು, ಕೆಳಗೆಲ್ಲ ಬಿಳಿ ಬಯಲು.

ಅವತ್ತು ಶುಕ್ರವಾರ. "ನಾಳೆ ಕೀಳೂದ ಗಟ್ಟಿ," ಅಂದು ಕಾಡಪ್ಪ ಹೋದ.

ಕಾಶವ್ವನಿಗೆ ಅಳುವೂ ಬಂತು, ಸಿಟ್ಟೂ ಬಂತು. "ಒಮ್ಮೆ ಅಳದು ಕೂತ್ರ ಆತೇನೋ? ಮಂದಿ ಮೊಬೈಲು ಒಂದೊಂದು ಅಳತಿ! ಕ್ಷಣಕ್ಕೊಮ್ಮೆ ಅಳೀತಿರು. ಒಳಗಿಂದು ಬೆಳದ್ರ ಕಿಟಕೀನೂ ಬೆಳೀಬೇಕು. ಬಿಳಿ ಕಾಣಬಾರದು, ಇದ್ದಷ್ಟು ಜಾಗಾ ಖಣ ತುಂಬು. ಕೆಳಗ ನಾಕ ಬೆರಳು ಬಿಡೋದು ಮರೀಬ್ಯಾಡ!"

ನೇಕಾರರ ಪದ್ಧತಿ ಅದು. ಒಂದು ಖಣ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಮಗ್ಗದಲ್ಲಿ ನಾಲ್ಕು ಬೆರಳು ನೂಲು ನೇಯದೆ ಬಿಡುತ್ತಾರೆ, ಕತ್ತರಿಗೆ ಜಾಗ ಬೇಕಲ್ಲ.

"ಹೂಂ ಯವ್ವಾ."

ಹೇಳಿದ್ದೆಲ್ಲ ಮಾಡಿದ. ಕಿಟಕಿ ಕೆಳಗೆ ನಾಲ್ಕು ಬೆರಳು ಬಿಟ್ಟಿತು. ಅಂಗಡಿ ನೋಡಿತು: ಓಹೋ, ಬಿಳಿ ಜಾಗ! ಖಣ ತುಂಬಿತು. ಅಂಗಡಿ ಬೆಳೆಯಿತು, ಕಿಟಕಿ ಬೆಳೆಯಿತು, ಮತ್ತೆ ನಾಲ್ಕು ಬೆರಳು ಬಿಟ್ಟಿತು. ತುಂಬಿತು, ಬಿಟ್ಟಿತು! ತುಂಬಿತು, ಬಿಟ್ಟಿತು! ಶನಿವಾರ ಹೊತ್ತೇರುವಷ್ಟರಲ್ಲಿ, ಬಿಚ್ಚಿ ಹಾಸಿದರೆ ಗದಗ ಮುಟ್ಟುವಷ್ಟು ಉದ್ದ. ಮಧ್ಯಾಹ್ನಕ್ಕೆ ಹುಬ್ಬಳ್ಳಿ ದಾಟಿತು!

ಜನ ಬೆರಳಿಂದ ಸರಿಸಿದರು. ನವಿಲು. ಸರಿಸಿದರು. ನವಿಲು! "ಇದರ ತಳ ಕಂಡವರು ಯಾರ್ರಿ?" ಅಂತ ಊರೂರಲ್ಲಿ ಪಂಥ ಕಟ್ಟಿದರು. ತಳ ಯಾರಿಗೂ ಸಿಗಲಿಲ್ಲ, ನವಿಲು ಮಾತ್ರ ಕಣ್ಣಲ್ಲಿ ಕೂತುಬಿಟ್ಟಿತು. ಪುಟದ ತಲೆಯಲ್ಲೇ ಕಾಶವ್ವನ ಫೋನ್ ನಂಬರು. "ನನಗೆರಡು ಖಣ!" "ನನಗ ಹತ್ತು!" ಫೋನು ಬಡಕೊಂಡು ಬಡಕೊಂಡು ಎಷ್ಟು ಬಿಸಿಯಾಯಿತೆಂದರೆ ಅದರ ಮೇಲೆ ರೊಟ್ಟಿ ಬೇಯಿಸಬಹುದಿತ್ತು.

ಕಾಡಪ್ಪ ಉರಿದುಬಿದ್ದ. ಕಿಟಕಿ ಕೀಳಲು ಸಂಘದ ಕಂಪ್ಯೂಟರ್ ಮುಂದೆ ಕೂತ. ಕೀಳುವ ಬಟನ್ ಎಲ್ಲಿ? ಕಿಟಕಿಯ ಕೆಳಗೆ! ಇಳಿದ. ಬಟನ್ನೂ ಇಳಿಯಿತು. ಇನ್ನೂ ಇಳಿದ. ಅದೂ ಇಳಿಯಿತು! ಬೆರಳು ಬಾತು ಬದನೆಕಾಯಿ ಆಯಿತು.

"ಲೇ ಹೊಳೆಬಸ್ಯಾ! ನೀನ ಕೂಡು! ಬಟನ್ ಸಿಗೋತನಕ ಇಳಿ, ಸಿಕ್ಕಿದ್ದ ಒತ್ತು. ಅಲ್ಲೀತನಕ ಯಾರಿಗೂ ಇದನ್ನ ಮುಟ್ಟಾಕ ಬಿಡಬ್ಯಾಡ!"

"ಹೂಂ ರೀ ಕಾಕಾ."

ಕೂತ. ಮರುದಿನ ಕಾಡಪ್ಪನ ಅಳಿಯ ಕಂಪ್ಯೂಟರ್ ಆರಿಸಲು ಕೈಚಾಚಿದ. ಹೊಳೆಬಸ್ಯಾ ಕೈಮೇಲೆ ಚಟೀರನೆ ಒಂದು ಏಟು ಕೊಟ್ಟ. ಕಾಡಪ್ಪನೇ ಕೈಚಾಚಿದ. ಅವನಿಗೂ ಚಟೀರನೆ ಕೊಟ್ಟ! "ಯಾರಿಗೂ ಅಂದೀರಲ್ರಿ ಕಾಕಾ!"

ಒಂದಿದ್ದ ಮಗ್ಗ ಏಳಾಯಿತು. ಏಳೂ ಮಗ್ಗ ಹಗಲೆಲ್ಲ ಖಟಖಟ! ಕಾಶವ್ವ ದಿನಾ ಬುತ್ತಿ ಹೊತ್ತು ಸಂಘಕ್ಕೆ ಹೋಗುತ್ತಾಳೆ, ಕಾಡಪ್ಪನ ಎದುರಿಗೇ ತಲೆಯೆತ್ತಿ ನಡೆದು, ಮಗನ ಬಾಯಿಗೆ ತುತ್ತಿಡುತ್ತಾಳೆ.

"ಎಲ್ಲೀತನಕ ಬಂತೋ ನನ್ನ ರಾಜಾ?"

ಹೊಳೆಬಸ್ಯಾ ಪರದೆಯಿಂದ ಕಣ್ಣು ಕೀಳದೆ ಹೇಳುತ್ತಾನೆ: "ಇನ್ನೇನ ಸಿಕ್ತು ಯವ್ವಾ! ನಾಕ ಬೆರಳು ಉಳದೈತಿ!"